ಭಾರ ಯಾವ ಕಾಲಿನ ಮೇಲಿದೆ?

(ಸ್ಟ್ರೋಕ್ ಆದವರ ಮನೆಯವರು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಫಿಸಿಯೋಥೆರಪಿಸ್ಟರು ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಅಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಚಿಕ್ಕ ಕೆಲಸ. ಕಾಲು ಗಟ್ಟಿ ಇರುವ ಯಾರಾದರೂ ಒಬ್ಬರು ಬಂದು ಈ ಗೋಡೆ ಪಕ್ಕ ನಿಲ್ಲಿ. ಗೋಡೆ ನಿಮ್ಮ ಎಡಕ್ಕಿರಲಿ. ಎಡಪಾದದ ಅಂಚು, ಎಡ ಸೊಂಟ, ಎಡ ಭುಜ ಮೂರೂ ಗೋಡೆಗೆ ತಾಗಿರಲಿ. ಈಗ ಬಲಗಾಲನ್ನು ಮೇಲೆತ್ತಿ ಹಾಗೇ ನಿಲ್ಲಿ. ಆಗುತ್ತಿಲ್ಲ, ಅಲ್ವಾ? ಬಲಗಾಲಿನಲ್ಲಿ ಶಕ್ತಿ ಇದೆ. ಆದರೂ ಅದು ನೆಲಕ್ಕೆ ಅಂಟಿಕೊಂಡ ಹಾಗಿದೆ.

ಕಾರಣ ಇಷ್ಟೇ. ಬಲಗಾಲು ಮೇಲೇಳಬೇಕಾದರೆ ಮೈಭಾರ ಮೊದಲು ಎಡಗಾಲಿನ ಮೇಲೆ ಹೋಗಬೇಕು. ಅದಕ್ಕೆ ಸೊಂಟ ಒಂದಿಷ್ಟು ಎಡಕ್ಕೆ ಸರಿಯಬೇಕು. ಗೋಡೆ ಅದಕ್ಕೆ ಬಿಡುತ್ತಿಲ್ಲ. ದಿನಾ ಸಾವಿರಾರು ಸಲ ನಾವು ಹೀಗೆ ಭಾರ ಸರಿಸುತ್ತೇವೆ. ಒಂದು ಸಲವೂ ಅದು ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ಸ್ಟ್ರೋಕ್ ಆದವರ ಪಾಲಿಗೆ ಆ ಗೋಡೆ ಮೈಯೊಳಗೇ ಇರುತ್ತದೆ. ಅದಕ್ಕೇ ಇವತ್ತು ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಭಾರ ಯಾವ ಕಾಲಿನ ಮೇಲಿದೆ?

ನಾವು ನಡೆಯುವಾಗ ಏನಾಗುತ್ತದೆ ನೋಡಿ. ಒಂದು ಕಾಲಿನ ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವ ತನಕ ಒಂದು ಸುತ್ತು ಅಂತ ಲೆಕ್ಕ. ಅದರಲ್ಲಿ ಆ ಕಾಲು ಸುಮಾರು ಶೇಕಡಾ 60ರಷ್ಟು ಹೊತ್ತು ನೆಲದ ಮೇಲೆ, 40ರಷ್ಟು ಹೊತ್ತು ಗಾಳಿಯಲ್ಲಿ. ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವುದು ಶೇಕಡಾ 20ರಷ್ಟು ಮಾತ್ರ. ಅಂದರೆ ನಡಿಗೆಯ ನೂರರಲ್ಲಿ ಎಂಬತ್ತು ಪಾಲು ನಾವು ಒಂಟಿಕಾಲಿನ ಮೇಲೇ ಇರುತ್ತೇವೆ.

ಈಗ ಸ್ಟ್ರೋಕ್ ಆದವರ ನಡಿಗೆ ನೆನಪಿಸಿಕೊಳ್ಳಿ. ಮನೆಯವರ ಕಣ್ಣೆಲ್ಲ ಸೋತ ಕಾಲಿನ ಮೇಲೆ. ಅದು ಎತ್ತಿತಾ, ಮುಂದೆ ಬಂತಾ, ಬೆರಳು ನೆಲಕ್ಕೆ ಉಜ್ಜಿತಾ? ನಾನು ಹೇಳುವುದು, ಒಳ್ಳೆ ಕಾಲಿನ ಹೆಜ್ಜೆಯನ್ನೂ ನೋಡಿ. ಹಲವರಲ್ಲಿ ಒಳ್ಳೆ ಕಾಲು ಗಡಿಬಿಡಿಯಲ್ಲಿ ಒಂದು ಗಿಡ್ಡ ಹೆಜ್ಜೆ ಇಟ್ಟು ಪಟ್ಟನೆ ಕೆಳಗಿಳಿಯುತ್ತದೆ. ಆ ಕಾಲಿಗೆ ಏನೂ ಆಗಿಲ್ಲ. ಅದು ಗಾಳಿಯಲ್ಲಿರುವಷ್ಟು ಹೊತ್ತು ಮೈಯನ್ನು ಹೊರಬೇಕಾದ್ದು ಸೋತ ಕಾಲು. ಅದರ ಮೇಲೆ ನಂಬಿಕೆ ಇಲ್ಲ, ಹಾಗಾಗಿ ಒಳ್ಳೆ ಕಾಲು ಓಡಿ ಬಂದು ಆಸರೆ ಕೊಡುತ್ತದೆ. ಸೋತ ಕಾಲು ಎಷ್ಟು ಸುಧಾರಿಸಿದೆ ಎಂದು ತಿಳಿಯಲು ನಾನು ಒಳ್ಳೆ ಕಾಲಿನ ಹೆಜ್ಜೆಯ ಉದ್ದ ನೋಡುತ್ತೇನೆ.

"ಬ್ಯಾಲೆನ್ಸ್ ಇಲ್ಲ" ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಒಳಗೆ ಕಾರಣ ಬೇರೆ ಬೇರೆ. ಒಬ್ಬರಿಗೆ ಸೊಂಟದ ಮತ್ತು ಮಂಡಿಯ ಸ್ನಾಯುಗಳಲ್ಲಿ ಬಲವಿಲ್ಲ. ಇನ್ನೊಬ್ಬರಿಗೆ ಬಲವಿದೆ, ಆದರೆ ಪಾದ ಎಲ್ಲಿದೆ ಎಂದು ಕಣ್ಣಿಂದ ನೋಡದೆ ಗೊತ್ತಾಗುವುದಿಲ್ಲ. ಅಂಥವರು ಬೆಳಕಿನಲ್ಲಿ ಚೆನ್ನಾಗಿ ನಡೆದು ಕತ್ತಲಲ್ಲಿ ಆಯತಪ್ಪುತ್ತಾರೆ. ಕಿರುಮೆದುಳಿಗೆ ಪೆಟ್ಟಾದವರು ಕಾಲು ಅಗಲಿಸಿ ತೂರಾಡುತ್ತಾರೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡು ಹೋಗುತ್ತಾರೆ. ಇವರೆಲ್ಲರಿಗೂ ಒಂದೇ ವ್ಯಾಯಾಮದ ಚೀಟಿ ಕೊಟ್ಟರೆ ಪ್ರಯೋಜನವಿಲ್ಲ.

ಒಂದು ತೊಂದರೆಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಮನೆಯವರು ಹಟ ಅಂತ ತಪ್ಪು ತಿಳಿಯುತ್ತಾರೆ. ಕೆಲವರು ಕೂತಾಗ, ನಿಂತಾಗ ತಮ್ಮ ಒಳ್ಳೆ ಕೈಕಾಲಿನಿಂದಲೇ ಮೈಯನ್ನು ಸೋತ ಕಡೆಗೆ ತಳ್ಳುತ್ತಾರೆ. ನೀವು ನೆಟ್ಟಗೆ ಮಾಡಲು ಹೋದರೆ ಇನ್ನೂ ಜೋರಾಗಿ ತಳ್ಳುತ್ತಾರೆ. 1985ರಲ್ಲಿ ಪ್ಯಾಟ್ರಿಶಿಯಾ ಡೇವಿಸ್ ಎಂಬ ಫಿಸಿಯೋಥೆರಪಿಸ್ಟ್ ಇದನ್ನು ವಿವರವಾಗಿ ಬರೆದರು. ಪುಷರ್ ಸಿಂಡ್ರೋಮ್ ಅನ್ನುವ ಹೆಸರು ಆಗ ಬಂತು. 2000ದಲ್ಲಿ ಜರ್ಮನಿಯ ಕಾರ್ನಾಥ್ ಮತ್ತು ಜೊತೆಗಾರರು ಇಂಥವರನ್ನು ವಾಲಿಸಬಹುದಾದ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಕತ್ತಲಲ್ಲಿ ಅವರ ಮೈ ಸುಮಾರು 18 ಡಿಗ್ರಿ ವಾಲಿದ್ದಾಗ "ಈಗ ನಾನು ನೆಟ್ಟಗಿದ್ದೇನೆ" ಎಂದು ಅವರಿಗೆ ಅನಿಸುತ್ತಿತ್ತು. ಆದರೆ ಎದುರಿನ ಗೆರೆ ನೆಟ್ಟಗಿದೆಯಾ ವಾಲಿದೆಯಾ ಎಂದು ಕಣ್ಣಿಂದ ನೋಡಿ ಸರಿಯಾಗಿಯೇ ಹೇಳುತ್ತಿದ್ದರು. ಮೈ ಸುಳ್ಳು ಹೇಳುತ್ತಿದೆ, ಕಣ್ಣು ನಿಜ ಹೇಳುತ್ತಿದೆ.

ಹಾಗಾದರೆ ನಾವು ಕಣ್ಣಿನ ಸಹಾಯವನ್ನೇ ಪಡೆಯಬೇಕು. ಇಂಥವರನ್ನು ಕೈಯಿಂದ ತಳ್ಳಿ ಸರಿ ಮಾಡಬೇಡಿ. ಬಾಗಿಲ ಚೌಕಟ್ಟು, ಕಂಬ, ಕಿಟಕಿಯ ಸರಳು, ಹೀಗೆ ನೆಟ್ಟಗಿರುವ ಏನಾದರೊಂದರ ಎದುರು ಕೂರಿಸಿ. "ಆ ಕಂಬ ನೋಡಿ. ನೀವು ಅದರ ಹಾಗೆ ನೆಟ್ಟಗಿದ್ದೀರಾ?" ಎಂದು ಕೇಳಿ. ಉತ್ತರ ಅವರೇ ಕಂಡುಕೊಳ್ಳಲಿ. ಆಮೇಲೆ ಒಳ್ಳೆ ಕಡೆ ಒಂದು ಗೋಡೆ ಇಟ್ಟುಕೊಂಡು "ನಿಮ್ಮ ಭುಜದಿಂದ ಗೋಡೆ ಮುಟ್ಟಿ" ಅನ್ನಿ. ಆಗ ಅವರಾಗಿಯೇ ಭಾರವನ್ನು ಆ ಕಡೆ ತರುತ್ತಾರೆ. ನೀವು ತಳ್ಳಿದರೆ ಬೀಳುತ್ತೇನೆ ಎಂಬ ಭಯ, ತಾವೇ ಸರಿದರೆ ಆ ಭಯ ಇಲ್ಲ. ಕೋಪೆನ್‌ಹೇಗನ್‌ನ ಅಧ್ಯಯನವೊಂದರಲ್ಲಿ ಇಂಥವರಿಗೆ ಉಳಿದವರಷ್ಟೇ ಚೇತರಿಸಿಕೊಳ್ಳಲು ಮೂರೂವರೆ ವಾರ ಜಾಸ್ತಿ ಹಿಡಿಯಿತು. ಜಾಸ್ತಿ ಹಿಡಿಯಿತು, ಆದರೆ ಅಲ್ಲಿಗೆ ಮುಟ್ಟಿದರು. ಮನೆಯವರು ಈ ಎರಡನೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಯಾವಾಗ ಶುರು ಮಾಡಬೇಕು?

ಬೇಗ. ಆದರೆ ಮೊದಲ ದಿನವೇ ಜೋರಾಗಿ ಬೇಡ. ಎಷ್ಟು ಬೇಗ ಅಷ್ಟು ಒಳ್ಳೆಯದು ಎಂದು ನಮ್ಮ ವೃತ್ತಿಯಲ್ಲಿ ಬಹಳ ಜನ ನಂಬಿದ್ದೆವು. ಅದನ್ನು ಪರೀಕ್ಷಿಸಲು ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ಮುಂದಾಳತ್ವದಲ್ಲಿ 5 ದೇಶಗಳ 2104 ರೋಗಿಗಳ ಮೇಲೆ ಅವರ್ಟ್ ಎಂಬ ಅಧ್ಯಯನ ನಡೆಯಿತು. 2015ರಲ್ಲಿ ಫಲಿತಾಂಶ ಬಂತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ, ಪದೇಪದೇ ಜಾಸ್ತಿ ಹೊತ್ತು ನಿಲ್ಲಿಸಿ ನಡೆಸಿದ ಗುಂಪಿನಲ್ಲಿ 3 ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡವರು ಶೇಕಡಾ 46. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇಕಡಾ 50. ಅಂದರೆ ಅತಿಯಾದ ಆತುರ ಕೆಲಸಕ್ಕೆ ಬರಲಿಲ್ಲ. ಅದೇ ಅಂಕಿಗಳನ್ನು ಮತ್ತೆ ಜರಡಿ ಹಿಡಿದಾಗ ಇನ್ನೊಂದು ವಿಷಯ ಕಂಡಿತು. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಎದ್ದವರಿಗೆ ಅನುಕೂಲವಾಗಿತ್ತು. ಒಂದೇ ಸಲ ಬಹಳ ಹೊತ್ತು ಎಳೆದಾಡಿದ್ದು ತೊಂದರೆ ಕೊಟ್ಟಿತ್ತು.

ಹಾಗಾಗಿ ಮೊದಲ ದಿನಗಳಲ್ಲಿ ಡಾಕ್ಟರು ಒಪ್ಪಿದ ಮೇಲೆ ಮಾತ್ರ ಎಬ್ಬಿಸಿ. ಮಲಗಿದವರು ಎದ್ದು ಕೂತಾಗ, ನಿಂತಾಗ ಬಿಪಿ ನೋಡಬೇಕು. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20, ಇಲ್ಲವೇ ಕೆಳಗಿನದು 10 ಇಳಿದರೆ ಅದು ಗಮನ ಕೊಡಬೇಕಾದ ಇಳಿತ. ಮುಖ ಬಿಳಿಚಿಕೊಂಡಿತು, ಬೆವರು ಬಂತು, ಮಾತು ನಿಧಾನವಾಯಿತು ಅಂದರೆ ತಕ್ಷಣ ಕೂರಿಸಿ, ಮಲಗಿಸಿ. ಮೆದುಳಿಗೆ ರಕ್ತ ಬೇಕಾದ ಹೊತ್ತಿನಲ್ಲಿ ಹೆಜ್ಜೆಗಳ ಲೆಕ್ಕ ಮುಖ್ಯವಲ್ಲ.

ನಡಿಗೆಯ ಪಾಠ ಶುರುವಾಗುವುದು ಹಾಸಿಗೆಯ ಅಂಚಿನಲ್ಲಿ ಕೂರುವುದರಿಂದ. ನೆದರ್ಲೆಂಡ್ಸ್‌ನಲ್ಲಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಡೆಯಲಾಗದೆ ಇದ್ದ ರೋಗಿಗಳನ್ನು ಮೊದಲ 72 ಗಂಟೆಯೊಳಗೆ ನೋಡಿದರು. ಆಸರೆಯಿಲ್ಲದೆ 30 ಸೆಕೆಂಡು ಕೂರಬಲ್ಲರಾ? ಸೋತ ಕಾಲಿನಲ್ಲಿ ಒಂದಿಷ್ಟು ಚಲನೆ ಇದೆಯಾ? ಎರಡೂ ಇದ್ದವರು 6 ತಿಂಗಳಲ್ಲಿ ಸ್ವತಂತ್ರವಾಗಿ ನಡೆಯುವ ಸಾಧ್ಯತೆ ಶೇಕಡಾ 98. ಎರಡೂ ಇಲ್ಲದವರಿಗೆ ಶೇಕಡಾ 27. ಕಿರಿಯ ಥೆರಪಿಸ್ಟರಿಗೆ ನನ್ನ ಕೋರಿಕೆ: ಈ 27ನ್ನು ತೀರ್ಪಿನ ಹಾಗೆ ಮನೆಯವರ ಮುಂದೆ ಇಡಬೇಡಿ. ನೂರರಲ್ಲಿ ಇಪ್ಪತ್ತೇಳು ಜನ ಅಂದರೆ ಕಡಿಮೆಯೇನಲ್ಲ. ಆ ಇಪ್ಪತ್ತೇಳರಲ್ಲಿ ಯಾರಿರುತ್ತಾರೆ ಎಂದು ಮೂರನೇ ದಿನ ಯಾರಿಗೂ ಗೊತ್ತಿರುವುದಿಲ್ಲ.

ಕೂರುವುದು ಅಂದರೆ ಅಲುಗಾಡದೆ ಸುಮ್ನೆ ಕೂರುವುದಲ್ಲ. ಪಾದ ಎರಡೂ ನೆಲಕ್ಕೆ ತಾಗಿರಲಿ. ಒಳ್ಳೆ ಕೈಯಿಂದ ಏನಾದರೂ ಮುಟ್ಟಲು ಹೇಳಿ. ಮೊದಲು ಕೈಗೆಟಕುವಷ್ಟು ದೂರ, ಆಮೇಲೆ ತೋಳಿನ ಉದ್ದಕ್ಕಿಂತ ಸ್ವಲ್ಪ ಆಚೆ. ಮುಂದಕ್ಕೆ, ಪಕ್ಕಕ್ಕೆ, ಸೋತ ಕಡೆಗೆ ಓರೆಯಾಗಿ. ಆಗ ಸೋತ ಪಾದ ತಾನಾಗಿ ನೆಲವನ್ನು ಒತ್ತುತ್ತದೆ. ನನಗೆ ಈ ಕ್ಷಣ ಬಹಳ ಇಷ್ಟ. ಮಲಗಿದ್ದಾಗ "ಕಾಲು ಒತ್ತಿ" ಅಂತ ಹತ್ತು ಸಲ ಹೇಳಿದರೂ ಒತ್ತದ ಕಾಲು, ದೂರದ ಲೋಟ ಹಿಡಿಯಲು ಬಾಗಿದಾಗ ಒತ್ತಿಬಿಡುತ್ತದೆ.

ಆಮೇಲೆ ಏಳುವುದು. ಪಾದ ಮಂಡಿಗಿಂತ ಹಿಂದೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳಿನ ಮುಂದಕ್ಕೆ ಬರುವಷ್ಟು ಬಾಗಬೇಕು. ಆಮೇಲೆ ಏಳಬೇಕು. ಬಹಳಷ್ಟು ಜನ ಬಾಗಲು ಹೆದರಿ ನೇರ ಮೇಲಕ್ಕೆ ಎದ್ದು ಹಿಂದಕ್ಕೆ ಬೀಳುತ್ತಾರೆ. ಇನ್ನೊಂದು, ಒಳ್ಳೆ ಕಾಲನ್ನು ಹಿಂದಿಟ್ಟುಕೊಂಡು ಅದರ ಮೇಲೇ ಪೂರ್ತಿ ಎದ್ದುಬಿಡುತ್ತಾರೆ. ಅದನ್ನು ತಿರುಗಿಸಿ. ಸೋತ ಪಾದ ಒಂದಿಷ್ಟು ಹಿಂದೆ, ಒಳ್ಳೆ ಪಾದ ಒಂದಿಷ್ಟು ಮುಂದೆ. ಈಗ ಭಾರ ಯಾವ ಕಾಲಿನ ಮೇಲಿದೆ? ಕಷ್ಟವಾದರೆ ಎತ್ತರದ ಕುರ್ಚಿಯಿಂದ ಶುರು ಮಾಡಿ, ದಿನ ಕಳೆದ ಹಾಗೆ ತಗ್ಗಿಸುತ್ತಾ ಬನ್ನಿ.

ನಿಂತ ಮೇಲೆ ನನ್ನ ಮೆಚ್ಚಿನ ವ್ಯಾಯಾಮ ಒಂದಿದೆ. ಮುಂದೆ ಒಂದು ಗಿಡ್ಡ ಮಣೆ ಇಡಿ. ಒಳ್ಳೆ ಪಾದವನ್ನು ಅದರ ಮೇಲಿಟ್ಟು ಮತ್ತೆ ಕೆಳಗಿಡಲು ಹೇಳಿ. ಮನೆಯವರು ಕೇಳುತ್ತಾರೆ, "ಒಳ್ಳೆ ಕಾಲಿಗೆ ಯಾಕೆ ವ್ಯಾಯಾಮ?" ವ್ಯಾಯಾಮ ಆಗುತ್ತಿರುವುದು ಇನ್ನೊಂದು ಕಾಲಿಗೆ. ಒಳ್ಳೆ ಪಾದ ಮೇಲಿರುವಷ್ಟು ಹೊತ್ತು ಸೋತ ಕಾಲು ಒಂಟಿಯಾಗಿ ಮೈ ಹೊರುತ್ತದೆ. ಮೊದಮೊದಲು ಥೆರಪಿಸ್ಟ್ ಎದುರು ಕೂತು ಆ ಮಂಡಿಗೆ ಕೈ ಕೊಟ್ಟಿರಬೇಕು. ಮಂಡಿ ಮುಂದಕ್ಕೆ ಕುಸಿಯದ ಹಾಗೆ, ಹಿಂದಕ್ಕೆ ಸೆಟೆದು ಬೀಗ ಬೀಳದ ಹಾಗೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ರೋಗಿಗಳನ್ನು ಬಿಗಿಯಾಗಿ ಹಿಡಿದೇ ನಡೆಸುತ್ತಿದ್ದೆ. ಒಬ್ಬ ಹಿರಿಯರನ್ನು ಎರಡು ವಾರ ಹೀಗೆ ನಡೆಸಿದೆ. ನೋಡಲು ನಡಿಗೆ ಚೆನ್ನಾಗಿತ್ತು. ಒಂದು ದಿನ ನನ್ನ ಹಿರಿಯ ಸಹೋದ್ಯೋಗಿ ಬಂದು, "ಕೈ ಸ್ವಲ್ಪ ಸಡಿಲ ಬಿಡಿ" ಅಂದರು. ಬಿಟ್ಟೆ. ಆ ಹಿರಿಯರು ಮರದ ದಿಮ್ಮಿಯ ಹಾಗೆ ನನ್ನ ಕಡೆ ವಾಲಿದರು. ಎರಡು ವಾರವೂ ಅವರ ಬ್ಯಾಲೆನ್ಸ್ ನನ್ನ ಕೈಯಲ್ಲಿತ್ತು. ಅವರ ಮೆದುಳಿಗೆ ತಪ್ಪಲೂ ಅವಕಾಶ ಸಿಗಲಿಲ್ಲ, ತಿದ್ದಿಕೊಳ್ಳಲೂ ಸಿಗಲಿಲ್ಲ. ಆ ಎರಡು ವಾರ ಅವರ ಪಾಲಿಗೆ ಎಷ್ಟು ಬೆಲೆಬಾಳುವ ದಿನಗಳಾಗಿದ್ದವು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆಲೆಬಾಳುವ ದಿನಗಳು ಅಂದದ್ದಕ್ಕೆ ಕಾರಣವಿದೆ. 1995ರಲ್ಲಿ ಪ್ರಕಟವಾದ ಕೋಪೆನ್‌ಹೇಗನ್ ಸ್ಟ್ರೋಕ್ ಅಧ್ಯಯನದಲ್ಲಿ, ಶೇಕಡಾ 95 ಜನರು ತಮ್ಮ ನಡಿಗೆಯ ಅತ್ಯುತ್ತಮ ಮಟ್ಟವನ್ನು 11 ವಾರದೊಳಗೆ ಮುಟ್ಟಿದ್ದರು. ಅವರು ಅಳೆದದ್ದು ಸಹಾಯ ಬೇಕೋ ಬೇಡವೋ ಎಂಬುದನ್ನು. ನಡಿಗೆಯ ವೇಗ, ದೂರ, ಧೈರ್ಯ ಇವು ಆಮೇಲೆಯೂ ಬೆಳೆಯುತ್ತವೆ. ಆದರೂ ಮೊದಲ ಮೂರು ತಿಂಗಳಲ್ಲಿ ಮೆದುಳು ಕಲಿಯಲು ತೆರೆದುಕೊಂಡಿರುವಷ್ಟು ಆಮೇಲೆ ಇರುವುದಿಲ್ಲ.

ಕಲಿಯಲು ಲೆಕ್ಕ ಬೇಕು. ಅಮೆರಿಕ ಮತ್ತು ಕೆನಡಾದ ಏಳು ಕಡೆ 312 ಥೆರಪಿ ಅವಧಿಗಳನ್ನು ಕೂತು ಎಣಿಸಿದ ವರದಿಯೊಂದು 2009ರಲ್ಲಿ ಬಂತು. ನಡಿಗೆ ಕಲಿಸಿದ ಅವಧಿಗಳಲ್ಲಿ ಸರಾಸರಿ ಹೆಜ್ಜೆ 357. ನಮ್ಮಲ್ಲಿ ಯಾರಾದರೂ ಮನೆಯೊಳಗೆ ಅತ್ತಿತ್ತ ಓಡಾಡಿದರೂ ಅಷ್ಟು ಹೆಜ್ಜೆ ಬೇಗ ಆಗಿಬಿಡುತ್ತದೆ. ಆ ವರದಿ ಓದಿದ ಮೇಲೆ ನಾನು ಎಣಿಸಲು ಶುರು ಮಾಡಿದೆ. ಒಂದು ಅವಧಿಯಲ್ಲಿ ನಾನು ಆಡಿದ ಮಾತು ಜಾಸ್ತಿ, ಅವರು ಇಟ್ಟ ಹೆಜ್ಜೆ ಕಡಿಮೆ ಇತ್ತು.

"ಮೆಷಿನ್ ಇದ್ದರೆ ಬೇಗ ಆಗುತ್ತಾ?" ಇದೂ ಎಲ್ಲರ ಪ್ರಶ್ನೆ. ಮೇಲಿನಿಂದ ಪಟ್ಟಿ ಕಟ್ಟಿ ಮೈಭಾರ ಕಡಿಮೆ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆಸುವ ವಿಧಾನವಿದೆ. ಅಮೆರಿಕದ ಪಮೇಲಾ ಡಂಕನ್ ಮತ್ತು ಜೊತೆಗಾರರು 408 ಜನರ ಮೇಲೆ ಇದನ್ನು ಪರೀಕ್ಷಿಸಿದರು. 2011ರಲ್ಲಿ ವರದಿ ಬಂತು. ಒಂದು ಗುಂಪಿಗೆ ಎರಡನೇ ತಿಂಗಳಲ್ಲಿ ಟ್ರೆಡ್‌ಮಿಲ್, ಇನ್ನೊಂದಕ್ಕೆ ಆರನೇ ತಿಂಗಳಲ್ಲಿ, ಮೂರನೆಯದಕ್ಕೆ ಥೆರಪಿಸ್ಟ್ ಮನೆಗೇ ಬಂದು ಮಾಡಿಸುವ ಬಲ ಮತ್ತು ಬ್ಯಾಲೆನ್ಸ್ ವ್ಯಾಯಾಮ. ಒಂದು ವರ್ಷದ ಹೊತ್ತಿಗೆ ಮೂರೂ ಗುಂಪು ಒಂದೇ ಮಟ್ಟದಲ್ಲಿದ್ದವು. ಒಟ್ಟು ಶೇಕಡಾ 52 ಜನ ನಡಿಗೆಯಲ್ಲಿ ಮೊದಲಿಗಿಂತ ಮೇಲಿನ ಮಟ್ಟಕ್ಕೆ ಏರಿದ್ದರು. ತೀರಾ ಕಷ್ಟದಲ್ಲಿ ನಡೆಯುತ್ತಿದ್ದವರಿಗೆ ಬೇಗ ಟ್ರೆಡ್‌ಮಿಲ್ ಕೊಟ್ಟಾಗ ಪದೇಪದೇ ಬೀಳುವುದು ಜಾಸ್ತಿ ಕಂಡಿತು. ಕಾಲನ್ನು ಚಲಿಸಿ ಕೊಡುವ ರೋಬೋಟ್ ಯಂತ್ರಗಳ ಮಾತು ಸ್ವಲ್ಪ ಬೇರೆ. ಮೊದಲ ಮೂರು ತಿಂಗಳಲ್ಲಿ, ಇನ್ನೂ ನಡೆಯಲಾಗದವರಿಗೆ, ಫಿಸಿಯೋಥೆರಪಿಯ ಜೊತೆ ಅವನ್ನು ಬಳಸಿದರೆ ಉಪಯೋಗವಿದೆ. ಒಬ್ಬರನ್ನು ಎತ್ತಿ ಹಿಡಿಯಲು ಮೂವರು ಬೇಕಾದಾಗ ಯಂತ್ರ ಹೆಜ್ಜೆಗಳ ಸಂಖ್ಯೆ ಹೆಚ್ಚಿಸುತ್ತದೆ. ನಿಮ್ಮಲ್ಲಿ ಯಂತ್ರವಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಟ್ಟಿ ಕುರ್ಚಿ, ಗೋಡೆ, ಮಣೆ ಮತ್ತು ನೋಡಲು ಬಲ್ಲ ಒಬ್ಬ ಥೆರಪಿಸ್ಟ್ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ.

ಕೋಲಿನ ಬಗ್ಗೆ ಎರಡು ಮಾತು. ಕೋಲು ಒಳ್ಳೆ ಕೈಯಲ್ಲಿರಲಿ. ತೋಳು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಹಿಡಿ ಬರಲಿ. ಕೋಲು ಕೊಟ್ಟರೆ ಅಭ್ಯಾಸ ಕೆಡುತ್ತದೆ ಎಂದು ತಡೆಯುವವರಿದ್ದಾರೆ. ಕೋಲಿನಿಂದ ದಿನಕ್ಕೆ ನೂರು ಹೆಜ್ಜೆ ಜಾಸ್ತಿ ಆಗುವುದಾದರೆ ನಾನು ಕೊಡುತ್ತೇನೆ. ಪಾದ ಜೋತು ಬೀಳುವವರಿಗೆ ಪಾದಕ್ಕೆ ಹಾಕುವ ಪಟ್ಟಿಯೂ ಹಾಗೇ. ಬೆರಳು ತಾಗಿ ಮುಗ್ಗರಿಸುವ ಭಯ ಹೋದರೆ ಮನಸ್ಸು ಭಾರ ಸರಿಸುವುದರ ಕಡೆ ಹೋಗುತ್ತದೆ.

ಬೀಳುವುದು ನೇರ ನಡೆಯುವಾಗ ಮಾತ್ರ ಅಲ್ಲ, ತಿರುಗುವಾಗ ಮತ್ತು ಎದ್ದು ಕೂರುವಾಗಲೂ. ಕುರ್ಚಿ ಹತ್ತಿರ ಬಂದಾಗ ಆತುರದಲ್ಲಿ ಅರ್ಧ ತಿರುಗಿ ಕೂರಲು ಹೋಗುತ್ತಾರೆ. ತಿರುಗುವುದನ್ನೇ ಬೇರೆಯಾಗಿ ಕಲಿಸಿ. ಚಿಕ್ಕ ಚಿಕ್ಕ ಹೆಜ್ಜೆ, ಅಗಲವಾದ ತಿರುವು, ಕುರ್ಚಿ ಕಾಲಿನ ಹಿಂಭಾಗಕ್ಕೆ ತಾಗಿದ ಮೇಲೆ ಕೂರುವುದು. ಮತ್ತೆ, ಮೊದಮೊದಲು ನಡೆಯುವಾಗ ಮಾತಾಡಿಸಬೇಡಿ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ವಯಸ್ಸಾದವರನ್ನು ನಡೆಯುತ್ತಿರುವಾಗ ಮಾತಾಡಿಸಿ ನೋಡಿದರು. 12 ಜನ ಉತ್ತರ ಕೊಡಲು ನಿಂತುಬಿಟ್ಟರು. ಮುಂದಿನ 6 ತಿಂಗಳಲ್ಲಿ ಆ 12 ಜನರಲ್ಲಿ 10 ಜನ ಬಿದ್ದರು. ನಡಿಗೆಗೇ ಪೂರ್ತಿ ಮನಸ್ಸು ಬೇಕಾಗಿರುವವರಿಗೆ ನಮ್ಮ ಪ್ರೀತಿಯ ಮಾತೂ ಒಂದು ಹೊರೆ. ನಡಿಗೆ ಹದಕ್ಕೆ ಬಂದ ಮೇಲೆ ಬೇಕಂತಲೇ ಮಾತಾಡಿಸಿ ಅಭ್ಯಾಸ ಮಾಡಿಸಬೇಕು. ನಿಜವಾದ ಬದುಕಿನಲ್ಲಿ ಯಾರೂ ಮೌನವಾಗಿ ನಡೆಯುವುದಿಲ್ಲವಲ್ಲ.

ಮಾತು ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು. "ಅಮ್ಮನ ಸೋತ ಕೈ ಹಿಡಿದುಕೊಂಡು ನಡೆಸ್ತಾ ಇದ್ದೀನಿ. ಬಿಟ್ಟರೆ ಬೀಳ್ತಾರೆ ಅಂತ ಭಯ. ನೀವು ಸಡಿಲ ಬಿಡಿ ಅಂತೀರಿ. ಎಲ್ಲಿ ಹಿಡೀಲಿ, ಎಲ್ಲಿ ಬಿಡಲಿ?"

ಅವರನ್ನು ಮುಂದೆ ಕರೆದು ಮಾಡಿಸಿ ತೋರಿಸಿದೆ. ಮೊದಲನೆಯದು, ಸೋತ ಕೈಯನ್ನು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಲೂಬೇಡಿ. ಸ್ಟ್ರೋಕ್ ಆದ ಮೇಲೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಎಳೆದರೆ ಕೀಲು ಜಾರುತ್ತದೆ, ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಸೊಂಟಕ್ಕೆ ಒಂದು ಅಗಲವಾದ ಬೆಲ್ಟ್ ಕಟ್ಟಿ. ನೀವು ಸೋತ ಕಡೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಒಂದು ಕೈ ಬೆಲ್ಟಿನ ಹಿಂಭಾಗದಲ್ಲಿ, ಹಿಡಿದಿರಿ, ಎಳೆಯಬೇಡಿ. ಇನ್ನೊಂದು ಕೈ ಅಮ್ಮನ ಭುಜದ ಮುಂದೆ, ಮುಟ್ಟದೆ, ಒಂದು ಗೇಣು ದೂರದಲ್ಲಿ. ಅವರು ಸ್ವಲ್ಪ ವಾಲಿದರೆ ತಕ್ಷಣ ಹಿಡಿಯಬೇಡಿ. ಮನಸ್ಸಿನಲ್ಲಿ "ಒಂದು" ಅಂತ ಎಣಿಸಿ. ಅಷ್ಟರಲ್ಲಿ ಅವರೇ ತಿದ್ದಿಕೊಂಡರೆ ಬಿಡಿ. ಇಲ್ಲದಿದ್ದರೆ ಬೆಲ್ಟಿನಿಂದ ನಿಮ್ಮ ಕಡೆಗೆ ತಂದುಕೊಳ್ಳಿ. ಮೊದಲ ಸಲ ನಿಮ್ಮ ಥೆರಪಿಸ್ಟ್ ಎದುರಿಗೇ ಇದನ್ನು ಮಾಡಿ.

ಅವರು ನನ್ನನ್ನೇ ಅಮ್ಮ ಅಂದುಕೊಂಡು ನಾಲ್ಕು ಹೆಜ್ಜೆ ನಡೆಸಿದರು. ನಾನು ಬೇಕಂತಲೇ ವಾಲಿದೆ. ಮೊದಲ ಎರಡು ಸಲ ಗಟ್ಟಿಯಾಗಿ ಹಿಡಿದುಬಿಟ್ಟರು. ಮೂರನೇ ಸಲ "ಒಂದು" ಅಂತ ಬಾಯಿಬಿಟ್ಟೇ ಎಣಿಸಿದರು, ಮತ್ತು ಹಿಡಿಯಲಿಲ್ಲ.